ಅಜ್ಜನ ತೆಂಗಿನಕಾಯಿ, ತಮ್ಮನ ಬೋರ್‌ವೆಲ್ ಮತ್ತು ನನ್ನ ಆಡಿಟ್

ಮಸ್ಕತ್‌ನಲ್ಲಿ ನಮಗೆ ಶುಕ್ರವಾರ ರಜೆ. ಬೆಳಿಗ್ಗೆ ಹತ್ತರ ಸುಮಾರಿಗೆ ಊರಿನಿಂದ ವಿಡಿಯೊ ಕಾಲ್ ಬರುವುದು ವಾಡಿಕೆ. ಫೆಬ್ರುವರಿಯ ಒಂದು ಶುಕ್ರವಾರ ಪರದೆಯಲ್ಲಿ ಅಮ್ಮನ ಮುಖದ ಬದಲು ಒಂದು ಅಂಗೈ ಕಂಡಿತು. ಅಂಗೈ ಮೇಲೆ ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ ಅಡ್ಡ ಮಲಗಿತ್ತು. ಕೈ ನಮ್ಮ ತೋಟದ ಬದುವಿನ ಗುಂಟ ನಿಧಾನವಾಗಿ ಸಾಗುತ್ತಿತ್ತು. ಹತ್ತು ಹೆಜ್ಜೆ ಆದಮೇಲೆ ಕಾಯಿ ಸಣ್ಣಗೆ ಅಲುಗಿತು. ಮತ್ತೆರಡು ಹೆಜ್ಜೆಗೆ ಜುಟ್ಟು ಮೇಲೆ ಮಾಡಿಕೊಂಡು ಎದ್ದು ನಿಂತಿತು. ಹಿಂದಿನಿಂದ ತಮ್ಮನ ದನಿ: "ನೋಡಿದ್ಯಾ ಅಣ್ಣ? ಇಲ್ಲೇ. ಮೂರಿಂಚು ನೀರು ಅಂತಾರೆ ಅಜ್ಜ."

ವಿಷಯ ಇಷ್ಟು. ಹೊಸದುರ್ಗ ತಾಲ್ಲೂಕಿನ ನಮ್ಮೂರಲ್ಲಿ ಎರಡು ಎಕರೆ ಅಡಿಕೆ, ಒಂದಷ್ಟು ತೆಂಗು ಇದೆ. ಅಪ್ಪ ಕೊರೆಸಿದ್ದ ಬೋರ್‌ವೆಲ್ ಬತ್ತಿದ ಮೇಲೆ ಎರಡು ಹೊಸದಾಗಿ ಕೊರೆಸಿದೆವು. ಒಂದರಲ್ಲಿ ಬರೀ ಧೂಳು, ಇನ್ನೊಂದರಲ್ಲಿ ಆರು ತಿಂಗಳ ನೀರು. ಎರಡಕ್ಕೂ ದುಡ್ಡು ಹೋದದ್ದು ಇಲ್ಲಿಂದ. ಈಗ ಮೂರನೆಯದಕ್ಕೆ ಕೇಸಿಂಗ್, ಪೈಪು, ಮೋಟಾರು ಎಲ್ಲ ಸೇರಿ ಎರಡೂವರೆ ಲಕ್ಷ ಬೇಕೆಂದು ತಮ್ಮನ ಅಂದಾಜು. ಈ ಪುಟ ಓದುವ ಎಷ್ಟೋ ಮನೆಗಳಿಗೆ ಇದೇನು ಹೊಸ ಕಥೆಯಲ್ಲ. ಗಲ್ಫ್‌ನಿಂದ ಬಂದ ಹಣದಲ್ಲಿ ಮನೆ, ಮದುವೆ, ಶಾಲೆಯ ಫೀಸಿನ ನಂತರದ ಸಾಲು ಸಾಮಾನ್ಯವಾಗಿ ಬೋರ್‌ವೆಲ್ಲಿನದೇ.

"ದುಡ್ಡು ಕಳಿಸೋಣ. ಆದ್ರೆ ಅಲ್ಲೇ ನೀರಿದೆ ಅಂತ ಹೇಗೆ ಗೊತ್ತು?" ಎಂದೆ.

"ಅಜ್ಜ ತೋರಿಸಿದ್ದು ನೂರಕ್ಕೆ ತೊಂಬತ್ತು ಸಕ್ಸಸ್ ಅಣ್ಣ."

"ಅದರ ಲೆಕ್ಕ ಇಟ್ಟವರು ಯಾರು?"

ಅವನಿಗೆ ಸಿಟ್ಟು ಬಂತು. "ನೀನು ಏಸಿ ರೂಮಲ್ಲಿ ಕೂತ್ಕೊಂಡು ಲೆಕ್ಕ ಕೇಳು. ಇಲ್ಲಿ ಗಿಡ ಒಣಗ್ತಾ ಇವೆ" ಎಂದು ಫೋನ್ ಇಟ್ಟ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಏಸಿ ರೂಮಿನಲ್ಲೇ ಕೂತು ಲೆಕ್ಕ ಕೇಳುವವನು, ಬಿ.ಕಾಂ., ಸಿ.ಎ. ಮಾಡಿಕೊಂಡು ಇಪ್ಪತ್ತು ವರ್ಷದಿಂದ ಅದೇ ಕೆಲಸ. ವಿಜ್ಞಾನ ನಾನು ಓದಿದ್ದು ಹತ್ತನೇ ತರಗತಿವರೆಗೆ ಮಾತ್ರ. ಆದರೂ ಆ ವಾರ ನೀರು ಹುಡುಕುವವರ ಮೇಲೆ ವಿಜ್ಞಾನಿಗಳು ಮಾಡಿದ ಪ್ರಯೋಗಗಳನ್ನು ಓದುತ್ತ ಹೋದಂತೆ, ಇವರು ಮಾಡಿರುವುದು ನಮ್ಮ ಆಡಿಟ್ಟೇ ಅಲ್ಲವೇ ಎನಿಸಿತು.

ವರ್ಷದ ಕೊನೆಗೆ ಗೋದಾಮಿಗೆ ಸ್ಟಾಕ್ ಎಣಿಸಲು ಹೋಗುತ್ತೇವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಣಿಸುವವರ ಕೈಗೆ ಪುಸ್ತಕದ ಸಂಖ್ಯೆ ಅಚ್ಚಾಗಿದ್ದ ಹಾಳೆಯನ್ನೇ ಕೊಟ್ಟಿದ್ದೆ. ಹಾಳೆಯಲ್ಲಿ 480 ಪೆಟ್ಟಿಗೆ ಎಂದಿದ್ದರೆ ಎಣಿಸುವವನ ಕಣ್ಣಿಗೂ 480 ಪೆಟ್ಟಿಗೆಯೇ ಕಾಣುತ್ತಿತ್ತು! ಯಾರೂ ಮೋಸ ಮಾಡುತ್ತಿರಲಿಲ್ಲ. ನನ್ನ ಹಿರಿಯರು ಅದನ್ನು ನೋಡಿ, ಸಂಖ್ಯೆಯ ಕಾಲಂ ಖಾಲಿ ಬಿಟ್ಟ ಹಾಳೆ ಕೊಡಿಸಿದರು. ಮರು ಎಣಿಕೆಯಲ್ಲಿ 431 ಬಂತು. ಉತ್ತರ ಮೊದಲೇ ತಿಳಿದವನಿಂದ ಎಣಿಸಬಾರದು ಎಂಬುದು ಅಂದು ಕಲಿತ ಪಾಠ. ವಿಜ್ಞಾನದವರು ಇದನ್ನೇ ಕುರುಡು ಪರೀಕ್ಷೆ ಎನ್ನುತ್ತಾರೆ. ಪರೀಕ್ಷೆಗೆ ಒಳಗಾದವನಿಗೂ, ಅವನ ಪಕ್ಕ ನಿಂತು ನಡೆಸುವವನಿಗೂ ಉತ್ತರ ತಿಳಿದಿರದಿದ್ದರೆ ಅದು ಇಮ್ಮಡಿ ಕುರುಡು.

ಇನ್ನು ಮೂರು ಪದ ಬರುತ್ತವೆ: ವಿಶ್ವಾಸಾರ್ಹತೆ, ನಿಖರತೆ, ಸಿಂಧುತ್ವ. ಕೇಳಲು ಒಂದೇ ಥರ, ಆದರೆ ಬೇರೆ ಬೇರೆ. ಅಡಿಕೆ ಮಂಡಿಯ ತಕ್ಕಡಿ ನೆನಪಿಸಿಕೊಳ್ಳಿ. ಒಂದೇ ಮೂಟೆಯನ್ನು ಐದು ಸಲ ಇಟ್ಟರೂ ಅದೇ ತೂಕ ತೋರಿಸಿದರೆ ಆ ತಕ್ಕಡಿ ವಿಶ್ವಾಸಾರ್ಹ. ಐದು ಸಲವೂ ಎರಡು ಕೆ.ಜಿ. ಕಡಿಮೆಯೇ ತೋರಿಸುತ್ತಿದ್ದರೆ ವಿಶ್ವಾಸಾರ್ಹ ಹೌದು, ನಿಖರ ಅಲ್ಲ. (ಇಂಥ ತಕ್ಕಡಿ ನಮ್ಮ ರೈತರಿಗೆ ಹೊಸದಲ್ಲ ಬಿಡಿ.) ಇನ್ನು ತೂಕ ಎಷ್ಟೇ ಸರಿಯಾಗಿದ್ದರೂ ಅದನ್ನು ನೋಡಿ ಅಡಿಕೆಯ ಗುಣಮಟ್ಟ ಹೇಳಲು ಹೊರಟರೆ ಆ ಪರೀಕ್ಷೆಯೇ ಸಿಂಧುವಲ್ಲ. ಕೇಳಿದ ಪ್ರಶ್ನೆ ಒಂದು, ಅಳೆದದ್ದು ಇನ್ನೊಂದು.

ತಮ್ಮನ 'ನೂರಕ್ಕೆ ತೊಂಬತ್ತು' ಬಿದ್ದುಹೋಗುವುದು ಈ ಮೂರನೆಯದರಲ್ಲಿ. ಅಜ್ಜ ತೋರಿಸಿದಲ್ಲಿ ನೀರು ಬಿತ್ತು ಎಂದೇ ಇಟ್ಟುಕೊಳ್ಳೋಣ. ಐವತ್ತು ಅಡಿ ಆಚೆ ಕೊರೆದಿದ್ದರೆ ಬೀಳುತ್ತಿರಲಿಲ್ಲವೇ? ಅಲ್ಲಿ ಯಾರೂ ಕೊರೆಸಿ ನೋಡಿಲ್ಲ, ನೋಡುವುದೂ ಇಲ್ಲ. ಅಷ್ಟು ದುಡ್ಡು ಯಾರ ಹತ್ತಿರ ಇದೆ? ಹೋಲಿಸಲು ಏನೂ ಇಲ್ಲದಿದ್ದಾಗ ಬಿದ್ದ ನೀರಿನ ಯಶಸ್ಸು ಕಾಯಿಯದೋ ನೆಲದ್ದೋ ಹೇಳಲಾಗದು. ಜೊತೆಗೆ, ನೀರು ಬಿದ್ದ ಬೋರ್‌ವೆಲ್ ಹತ್ತು ವರ್ಷ ಮೋಟಾರು ಸದ್ದು ಮಾಡುತ್ತ ಎಲ್ಲರಿಗೂ ನೆನಪಿಸುತ್ತದೆ; ಬೀಳದ್ದರ ಮೇಲೆ ಒಂದು ಚಪ್ಪಡಿ ಕಲ್ಲು ಮುಚ್ಚಿದರೆ ಎರಡು ಮಳೆಗಾಲಕ್ಕೆ ಮರೆತುಹೋಗುತ್ತದೆ.

ಈ ಹೋಲಿಕೆಯ ಕೊರತೆ ನಮ್ಮೂರಿನ ಕಟ್ಟೆ ಮಾತಿಗೆ ಮಾತ್ರ ಸೀಮಿತವಲ್ಲ. ಜರ್ಮನಿಯ ತಾಂತ್ರಿಕ ನೆರವು ಸಂಸ್ಥೆ ಜಿಟಿಝಡ್ ಶ್ರೀಲಂಕಾದ ಒಣ ಪ್ರದೇಶದಲ್ಲಿ ಬಾವಿ ಕೊರೆಸುವಾಗ ಹನ್ಸ್ ಶ್ರೋಟರ್ ಎಂಬ ಜಲಶೋಧಕರ ನೆರವು ಪಡೆಯಿತು. ಕೊರೆದದ್ದು 691 ಬಾವಿ, ಯಶಸ್ಸು ಶೇಕಡಾ 96 ಎಂದು ಮ್ಯೂನಿಕ್‌ನ ಭೌತವಿಜ್ಞಾನಿ ಹನ್ಸ್-ಡೀಟರ್ ಬೆಟ್ಸ್ 1995ರಲ್ಲಿ ಪ್ರಕಟಿಸಿದರು. ಸಂಖ್ಯೆ ನೋಡಿದರೆ ಯಾರಿಗೂ ಕೈ ಮುಗಿಯಬೇಕು ಎನಿಸುತ್ತದೆ. ಆದರೆ ಅದೇ ಹೊಲಗಳಲ್ಲಿ ಚೀಟಿ ಎತ್ತಿ ಆರಿಸಿದ ಜಾಗಗಳಲ್ಲಿ ಹೋಲಿಕೆಗೆಂದು ಬಾವಿ ಕೊರೆದಿರಲಿಲ್ಲ. ಶ್ರೋಟರ್ ಕಣ್ಣು ಬಿಟ್ಟುಕೊಂಡೇ ನಡೆದವರು. ನೆಲದ ಇಳಿಜಾರು, ಗಿಡಮರ, ಬಂಡೆ ಎಲ್ಲ ಅವರಿಗೆ ಕಾಣುತ್ತಿತ್ತು. ನೀರು ಕಂಡದ್ದು ಕೈಯಲ್ಲಿದ್ದ ಕಡ್ಡಿಗೋ ಅನುಭವದ ಕಣ್ಣಿಗೋ? ಆ 691 ಬಾವಿಗಳು ಈ ಪ್ರಶ್ನೆಗೆ ಉತ್ತರ ಕೊಡಲಾರವು.

ಇದೇ ಬೆಟ್ಸ್ ಮತ್ತು ಸಂಗಡಿಗರು ಅದಕ್ಕೂ ಮೊದಲು, 1987-88ರಲ್ಲಿ, ಮ್ಯೂನಿಕ್ ಬಳಿ ಒಂದು ಕಣಜದ ಕಟ್ಟಡದಲ್ಲಿ ಬೇರೆಯದೇ ಪ್ರಯೋಗ ಮಾಡಿದ್ದರು. ಎರಡು ಅಂತಸ್ತಿನ ಕಟ್ಟಡ. ಕೆಳಗೆ ನೀರು ಹರಿಯುವ ಪೈಪು; ಪ್ರತಿ ಸಲವೂ ಅದನ್ನು ಬೇರೆ ಜಾಗಕ್ಕೆ ಸರಿಸುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ 10 ಮೀಟರ್ ಉದ್ದದ ಗೆರೆ. ಶೋಧಕ ಕಡ್ಡಿ ಹಿಡಿದು ಆ ಗೆರೆಯ ಮೇಲೆ ನಡೆದು, ಪೈಪು ಯಾವ ಜಾಗದ ಕೆಳಗಿದೆ ಎಂದು ಹೇಳಬೇಕು. ಗಿಡ, ಇಳಿಜಾರು, ಹುತ್ತ ಯಾವುದೂ ಇಲ್ಲ, ಕಡ್ಡಿ ಮಾತ್ರ. ಮೊದಲು ಸುಮಾರು 500 ಶೋಧಕರನ್ನು ನೋಡಿ ಅವರಲ್ಲಿ 43 ಜನ ಗಟ್ಟಿಗರನ್ನು ಆರಿಸಿ, ಅವರಿಂದ ಒಟ್ಟು 843 ಸಲ ಈ ಪರೀಕ್ಷೆ ಮಾಡಿಸಿದರು. ಪ್ರಯೋಗ ಹೂಡಿದ ರೀತಿಯಲ್ಲಿ ಆಡಿಟರ್ ಆಗಿ ನಾನು ತಪ್ಪು ತೆಗೆಯಲಾರೆ. ಕೇಳಿದ ಪ್ರಶ್ನೆಯನ್ನೇ ಅಳೆದಿದ್ದಾರೆ.

ಫಲಿತಾಂಶ? 43ರಲ್ಲಿ ಕನಿಷ್ಠ 37 ಜನರಿಗೆ ಯಾವ ಶಕ್ತಿಯೂ ಕಾಣಲಿಲ್ಲ. ಉಳಿದ ಆರು ಜನರ ಉತ್ತರ ಆಕಸ್ಮಿಕಕ್ಕಿಂತ ಮೇಲಿದೆ, ಇದರಲ್ಲಿ ಏನೋ ಒಂದು ತಿರುಳಿದೆ ಎಂದು ಪ್ರಯೋಗ ಮಾಡಿದವರು ತೀರ್ಮಾನಿಸಿದರು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ಜಿಮ್ ಎನ್‌ರೈಟ್ ಆಮೇಲೆ ಅದೇ ಅಂಕಿಗಳನ್ನು ಮತ್ತೆ ಜಾಲಾಡಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮರು ಆಡಿಟ್. 43 ಜನ ನಾಣ್ಯ ಚಿಮ್ಮಿದರೂ ನಾಲ್ಕಾರು ಜನರ ಕೈ ಚೆನ್ನಾಗಿ ಬಿದ್ದೇ ಬೀಳುತ್ತದೆ. ಆ ನಾಲ್ಕಾರು ಜನ ಮತ್ತೆ ಚಿಮ್ಮಿದಾಗಲೂ ಹಾಗೇ ಬೀಳುತ್ತದೆಯೇ ಎಂಬುದೇ ಪ್ರಶ್ನೆ. ಬೀಳಲಿಲ್ಲ. ಒಂದು ಸರಣಿಯಲ್ಲಿ ಚೆನ್ನಾಗಿ ಮಾಡಿದವರು ಇನ್ನೊಂದರಲ್ಲಿ ಎಲ್ಲರಂತಾದರು. ಎನ್‌ರೈಟ್ ಇನ್ನೂ ಒಂದು ಹೋಲಿಕೆ ಮಾಡಿದರು: ಕಡ್ಡಿಯೂ ಇಲ್ಲದೆ, ನಡೆಯುವ ಗೋಜೂ ಇಲ್ಲದೆ, ಪ್ರತಿ ಸಲ ಗೆರೆಯ ನಟ್ಟನಡುವೆ ಬೆರಳಿಟ್ಟು 'ಇಲ್ಲೇ' ಎನ್ನುವ ಒಬ್ಬ ಸೋಮಾರಿ ಇದ್ದರೆ? ಅವನಿಗಿಂತ ಅತ್ಯುತ್ತಮ ಶೋಧಕನ ಉತ್ತರ ಸರಾಸರಿ 4 ಮಿಲಿಮೀಟರ್ ಹತ್ತಿರವಿತ್ತು. ಹತ್ತು ಮೀಟರಿನಲ್ಲಿ ನಾಲ್ಕು ಮಿಲಿಮೀಟರ್!

1990ರಲ್ಲಿ ಜರ್ಮನಿಯದೇ ಕಾಸೆಲ್ ನಗರದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಬಯಲಲ್ಲಿ 50 ಸೆಂಟಿಮೀಟರ್ ಆಳಕ್ಕೆ ಪ್ಲಾಸ್ಟಿಕ್ ಪೈಪು ಹೂತು, ಅದು ಎಲ್ಲಿದೆ ಎಂದು ಬಣ್ಣದ ಪಟ್ಟಿಯಿಂದ ಗುರುತೂ ಹಾಕಿದ್ದರು. ನೀರು ಈಗ ಹರಿಯುತ್ತಿದೆಯೋ ಇಲ್ಲವೋ ಎಂದಷ್ಟೇ ಹೇಳಬೇಕು. ಸುಮಾರು 30 ಶೋಧಕರು ಬಂದಿದ್ದರು. ಇದು ನ್ಯಾಯವಾದ ಪರೀಕ್ಷೆ, ನಾವು ಪೂರ್ತಿ ಗೆಲ್ಲುತ್ತೇವೆ ಎಂದು ಮೊದಲೇ ಬರೆದು ಸಹಿ ಹಾಕಿದ್ದರು. ಫಲಿತಾಂಶ ಆಕಸ್ಮಿಕಕ್ಕಿಂತ ಮೇಲೇರಲಿಲ್ಲ. ನನಗೆ ಇಲ್ಲಿ ಇಷ್ಟವಾದದ್ದು ಆ ಮೊದಲೇ ಹಾಕಿಸಿದ ಸಹಿ. ಯಾವುದನ್ನು ಗೆಲುವೆಂದು ಕರೆಯಬೇಕು ಎಂದು ಆಟಕ್ಕೆ ಮುಂಚೆ ಗೊತ್ತು ಮಾಡಿಕೊಳ್ಳದಿದ್ದರೆ, ಆಟ ಮುಗಿದ ಮೇಲೆ ಎಲ್ಲರೂ ಗೆದ್ದವರೇ.

ಹಾಗಾದರೆ ಕಾಯಿ ಎದ್ದು ನಿಂತದ್ದು ಸುಳ್ಳೇ? ಅಲ್ಲ, ನಾನೇ ನೋಡಿದ್ದೇನೆ. ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರೊಲ್ 1833ರಲ್ಲಿ ಇದರ ಗುಟ್ಟು ಬರೆದಿಟ್ಟಿದ್ದಾರೆ. ದಾರಕ್ಕೆ ಕಟ್ಟಿದ ಗುಂಡು ಪಾದರಸದ ಮೇಲೆ ತೂಗುತ್ತದೆ, ನಡುವೆ ಗಾಜು ಇಟ್ಟರೆ ನಿಲ್ಲುತ್ತದೆ ಎಂದು ಅವರ ಕೈಗೇ ಅನುಭವವಾಗಿತ್ತು. ಕಣ್ಣು ಕಟ್ಟಿಸಿಕೊಂಡು, ಇನ್ನೊಬ್ಬರಿಂದ ಗಾಜು ಇಡಿಸಿ ತೆಗೆಸಿ ನೋಡಿದಾಗ ಆ ವ್ಯತ್ಯಾಸವೇ ಮಾಯವಾಯಿತು. ತೂಗಿಸುತ್ತಿದ್ದದ್ದು ಅವರದೇ ಬೆರಳು. ಅದು ಅವರಿಗೇ ತಿಳಿಯುತ್ತಿರಲಿಲ್ಲ. ಕೈ ಹಿಡಿದವರಲ್ಲಿ ಮೋಸವಿರಬೇಕಾಗಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ, ಮನೆಯಲ್ಲಿ ಈ ವಿಷಯ ಮಾತಾಡುವಾಗ ಜಗಳ ಕಡಿಮೆಯಾಗುತ್ತದೆ.

ಮೋಸ ಮಾಡುವವರೂ ಇದ್ದಾರೆ. ನಾವಿರುವ ಕೊಲ್ಲಿಗೆ ಹೊಂದಿಕೊಂಡ ಇರಾಕ್‌ನಲ್ಲೇ ಆದದ್ದು. ಎಡಿಇ 651 ಎಂಬ ಬಾಂಬ್ ಪತ್ತೆ ಸಾಧನವನ್ನು ಅಲ್ಲಿನ ಸರ್ಕಾರ ಕೋಟ್ಯಂತರ ಡಾಲರ್ ಕೊಟ್ಟು ಕೊಂಡು ಬಾಗ್ದಾದ್‌ನ ತಪಾಸಣಾ ಠಾಣೆಗಳಲ್ಲಿ ಬಳಸಿತು. ಹಿಡಿಕೆ, ಸಲೀಸಾಗಿ ತಿರುಗುವ ಒಂದು ಆಂಟೆನಾ, ಅಷ್ಟೇ. ಬ್ಯಾಟರಿ ಕೂಡ ಇಲ್ಲ. ಕವಲು ಕಡ್ಡಿಯ ಹೊಸ ಅವತಾರ. ಅದನ್ನು ಮಾರಿದ ಬ್ರಿಟಿಷ್ ವ್ಯಾಪಾರಿ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಲಂಡನ್ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು. ಇದೇ ಜಾತಿಯ ಜಿಟಿ200 ಎಂಬ ಇನ್ನೊಂದು ಸಾಧನವನ್ನು ಥಾಯ್ಲೆಂಡ್ ಸರ್ಕಾರ 2010ರಲ್ಲಿ ಕುರುಡು ಪರೀಕ್ಷೆಗೆ ಒಡ್ಡಿತು: 20 ಸಲದಲ್ಲಿ 4 ಸಲ ಸರಿ. ಕೊಳ್ಳುವ ಮುಂಚೆ ಒಂದು ಮಧ್ಯಾಹ್ನ ಈ ಪರೀಕ್ಷೆ ಮಾಡಿಸಿದ್ದರೆ ಸಾಕಿತ್ತು.

ಯುಗಾದಿಗೆ ಊರಿಗೆ ಹೋದಾಗ ತಮ್ಮನಿಗೆ ಒಂದು ಮಾತು ಹೇಳಿದೆ. "ದುಡ್ಡು ಕೊಡ್ತೀನಿ. ಅಜ್ಜ ಒಂದು ದಿನ ನನ್ನ ಜೊತೆ ಬರಲಿ." ಅಜ್ಜನಿಗೆ ಎಪ್ಪತ್ತರ ಮೇಲಾಗಿದೆ. ದುಡ್ಡು ಕೇಳುವವರಲ್ಲ; ಎಲೆ ಅಡಿಕೆ, ಒಂದು ಟವೆಲ್ ಕೊಟ್ಟರೆ ಆಯಿತು. ಮೊದಲು ನಾನು ಡ್ರಮ್ಮುಗಳಲ್ಲಿ ನೀರು ತುಂಬಿ ಮುಚ್ಚಿಡುವ ಯೋಚನೆ ಹೇಳಿದೆ. ಅವರು ನಕ್ಕರು. "ನಾನು ನೋಡೋದು ಭೂಮಿಯೊಳಗೆ ಹರಿಯೋ ನೀರು ಕಣಪ್ಪ, ಡ್ರಮ್ಮಿನ ನೀರಲ್ಲ." ಪರೀಕ್ಷೆಯ ಸಿಂಧುತ್ವವನ್ನು ಇಷ್ಟು ಚೆನ್ನಾಗಿ ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಸರಿ, ನೀರಿದೆಯೋ ಇಲ್ಲವೋ ಬಿಡೋಣ. ಒಂದೇ ಹೊಲದಲ್ಲಿ ಎರಡು ಸಲ ಕೇಳಿದರೆ ಕಾಯಿ ಒಂದೇ ಜಾಗ ತೋರಿಸುತ್ತದೆಯೇ ನೋಡೋಣ ಎಂದೆ. ಅದಕ್ಕೆ ಅವರು ಒಪ್ಪಿದರು. ಸೋದರಮಾವನ ಒಂದು ಎಕರೆ ಬೀಳು ಹೊಲ. ಗುರುತು ಎಷ್ಟು ಹತ್ತಿರ ಬಂದರೆ 'ಅದೇ ಜಾಗ' ಎನ್ನಬೇಕು ಎಂದು ಕೇಳಿದೆ. "ಎರಡು ಮಾರು" ಎಂದರು ಅಜ್ಜ, ಅಂದರೆ ಹನ್ನೆರಡು ಅಡಿ. ಬರೆದುಕೊಂಡೆ. ಮೊದಲ ಸುತ್ತು ಕಣ್ಣು ಬಿಟ್ಟು ಮೂರು ಜಾಗ ತೋರಿಸಿದರು. ಅಕ್ಕನ ಮಗ ಟೇಪು ಹಿಡಿದು ಅಳೆದು, ಗುರುತು ಕಿತ್ತ. ಎರಡು ಮತ್ತು ಮೂರನೆಯ ಸುತ್ತಿಗೆ ಕಣ್ಣಿಗೆ ಟವೆಲ್ ಕಟ್ಟಿ ಬೇರೆ ಬೇರೆ ಮೂಲೆಯಿಂದ ಒಳಗೆ ಕರೆತಂದೆವು. ಕೈ ಹಿಡಿದು ನಡೆಸಿದವನು ಮೊದಲ ಸುತ್ತು ನೋಡಿರದ ಪಕ್ಕದ ಮನೆಯ ಹುಡುಗ.

ಮೂರು ಸುತ್ತು, ಒಂಬತ್ತು ಗುರುತು. ಎರಡು ಮಾರಿನೊಳಗೆ ಒಂದು ಜೊತೆಯೂ ಬೀಳಲಿಲ್ಲ. ಒಂದು ಜೊತೆ ಮಾತ್ರ ಹದಿನೈದು ಅಡಿ ಅಂತರದಲ್ಲಿತ್ತು. "ಮೂರಡಿ ತಾನೆ ಅಣ್ಣ, ಬಿಡು!" ಎಂದ ತಮ್ಮ. ವರ್ಷದ ಕೊನೆಯಲ್ಲಿ ಮ್ಯಾನೇಜರುಗಳ ಬಾಯಲ್ಲಿ ನಾನು ಕೇಳುವ ಮಾತೂ ಇದೇ. ಅಕ್ಕನ ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿದ. ಒಂದು ಎಕರೆಯಲ್ಲಿ ಕಣ್ಣು ಮುಚ್ಚಿ ಮೂರು ಮೂರು ಕಲ್ಲು ಮೂರು ಸಲ ಎಸೆದರೂ, ಬೇರೆ ಬೇರೆ ಸಲದ ಎರಡು ಕಲ್ಲು ಹದಿನೈದು ಅಡಿಯೊಳಗೆ ಬೀಳುವ ಸಂಭವ ಸುಮಾರು ಮೂರಕ್ಕೊಂದು.

ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ. ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, "ಕಣ್ಣು ಮುಚ್ಚಿದ್ರೆ ಅಂದಾಜು ಸಿಕ್ಕಲ್ಲ" ಎಂದರು. ಏನು ನೋಡುತ್ತೀರಿ ಎಂದು ಕೇಳಿದೆ. ಹುತ್ತ, ಹೊಂಗೆ, ಅತ್ತಿ ಮರ, ಬೇಸಿಗೆಯಲ್ಲೂ ಹಸಿರಾಗಿರುವ ಹುಲ್ಲು, ಹಳ್ಳದ ಇಳುಕಲು ಎಂದು ಅರ್ಧ ಗಂಟೆ ಹೇಳಿದರು. ಮರ, ಹುತ್ತ ನೋಡಿ ನೀರು ಹೇಳುವ ಮಾತು ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ಇದೆ. ಇದೂ ಪರೀಕ್ಷೆಗೆ ನಿಲ್ಲಬೇಕಾದದ್ದೇ. ಆದರೆ ಇದು ಕಾಯಿಯ ವಿದ್ಯೆಯಲ್ಲ, ಕಣ್ಣಿನ ವಿದ್ಯೆ.

ನ್ಯಾಯಕ್ಕೆ ಇನ್ನೊಂದು ಕಡೆಯೂ ಹೇಳಬೇಕು. ಭೂವಿಜ್ಞಾನಿಯೊಬ್ಬರನ್ನೂ ಕರೆಸಿದೆವು. ನೆಲಕ್ಕೆ ಕಬ್ಬಿಣದ ಸರಳು ಚುಚ್ಚಿ, ಕರೆಂಟು ಹಾಯಿಸಿ, ಒಳಪದರಗಳ ವಿದ್ಯುತ್ ರೋಧ ಅಳೆದರು. ಒಂದು ಕಡೆ ಮತ್ತೊಮ್ಮೆ ಅಳೆಯಿರಿ ಎಂದೆ. ಹೆಚ್ಚುಕಡಿಮೆ ಅದೇ ಅಂಕಿ ಬಂತು. ವಿಶ್ವಾಸಾರ್ಹತೆಗೆ ಪೂರ್ತಿ ಅಂಕ. ಆದರೆ ಅವರೇ ಬಾಯಿಬಿಟ್ಟು ಹೇಳಿದರು: "ಸಾರ್, ಯಂತ್ರ ಅಳೆಯೋದು ರೋಧವನ್ನ, ನೀರನ್ನಲ್ಲ. ರೋಧ ಕಡಿಮೆ ಅಂದ್ರೆ ನೀರು ತುಂಬಿದ ಬಿರುಕೂ ಇರಬಹುದು, ಜೇಡಿಯೂ ಇರಬಹುದು." ಕರ್ನಾಟಕದ ಬಹುಭಾಗ ಗಟ್ಟಿ ಶಿಲೆಯ ನೆಲ, ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಕೆಳಗಿನ ಬಂಡೆಯ ಬಿರುಕುಗಳಲ್ಲಿ. ನಮ್ಮ ತೋಟದಲ್ಲಿ ಅವರು ತೋರಿಸಿದ ಜಾಗಕ್ಕೂ ಫೆಬ್ರುವರಿಯಲ್ಲಿ ಅಜ್ಜ ತೋರಿಸಿದ ಜಾಗಕ್ಕೂ ತೊಂಬತ್ತು ಅಡಿ ದೂರ.

ನಾನು ಭೂವಿಜ್ಞಾನಿಯ ಕಡೆ, ತಮ್ಮ ಅಜ್ಜನ ಕಡೆ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಕೊನೆಗೆ ಅಮ್ಮ, "ದುಡ್ಡು ಅವನದು, ತೋಟ ಇವನದು, ಒಣಗ್ತಿರೋದು ಅಡಿಕೆ" ಎಂದಮೇಲೆ ಭೂವಿಜ್ಞಾನಿಯ ಜಾಗ ಎಂದಾಯಿತು. ಬೋರ್ ಲಾರಿ ಬಂದದ್ದು ನಾನು ಮಸ್ಕತ್‌ಗೆ ಮರಳಿದ ಮೇಲೆ, ರಾತ್ರಿ ಹನ್ನೊಂದಕ್ಕೆ. ಸಾಲು ಅಡಿಕೆ ಮರಗಳ ನಡುವೆ ಅದು ಭೂವಿಜ್ಞಾನಿಯ ಜಾಗಕ್ಕೂ ಹೋಗಲಿಲ್ಲ, ಅಜ್ಜನ ಜಾಗಕ್ಕೂ ಹೋಗಲಿಲ್ಲ. ಮರ ಕಡಿಯಲು ತಮ್ಮ ಒಪ್ಪಲಿಲ್ಲ. "ಇಲ್ಲೇ ಹಾಕಿಬಿಡ್ತೀನಿ ಸಾರ್" ಎಂದು ಡ್ರೈವರ್ ಗೇಟಿನ ಪಕ್ಕ ಲಾರಿ ನಿಲ್ಲಿಸಿದನಂತೆ. 460 ಅಡಿಗೆ ಎರಡಿಂಚು ನೀರು ಬಿತ್ತು.

ಅಜ್ಜ, ತಾವು ತೋರಿಸಿದ ಸೆಲೆಯೇ ಗೇಟಿನ ಕಡೆ ತಿರುಗಿದೆ ಎಂದರಂತೆ. ಭೂವಿಜ್ಞಾನಿ ಫೋನಿನಲ್ಲಿ, ಬಿರುಕು ಆ ದಿಕ್ಕಿಗೂ ಚಾಚಿರಬಹುದು ಎಂದರು. ಇಬ್ಬರಿಗೂ ನಾನು ಏನೂ ಹೇಳಲಿಲ್ಲ.

ತಮ್ಮ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ನಮ್ಮೂರಲ್ಲಿ ಯಾರೇ ಬೋರ್‌ವೆಲ್ ಕೊರೆಸಲಿ, ಬಿದ್ದದ್ದು ಬೀಳದ್ದು ಎರಡನ್ನೂ, ಕೊರೆಯುವ ಮುಂಚೆಯೇ ಸಾಲು ತೆರೆದು ಬರೆಯಬೇಕೆಂದು ಅವನಿಗೆ ಹೇಳಿದ್ದೇನೆ. ತಾರೀಖು, ಯಾರು ತೋರಿಸಿದ್ದು, ಎಷ್ಟು ಅಡಿ, ಎಷ್ಟು ನೀರು, ಒಂದು ವರ್ಷದ ಮೇಲೆ ಎಷ್ಟು. ಹೋದ ಶುಕ್ರವಾರ ಮೊದಲ ಪುಟದ ಫೋಟೊ ಕಳಿಸಿದ. ಮೊದಲ ಸಾಲು ನಮ್ಮದೇ. 'ಯಾರು ತೋರಿಸಿದ್ದು' ಎಂಬ ಕಾಲಮ್ಮಿನಲ್ಲಿ ಅಜ್ಜ ಎಂದು ಬರೆದು ಹೊಡೆದುಹಾಕಿ, ಪಕ್ಕದಲ್ಲಿ 'ಲಾರಿ ಡ್ರೈವರ್' ಎಂದು ಬರೆದಿದ್ದಾನೆ.